ಸದ್ದು ಮಾಡುವ ಫ್ಯಾನು

ಬೇಡಮ್ಮ ಬೇಡ, ಅದನ್ನ ಡಬ್ಬದಿಂದ ತೆಗೀಲೇಬೇಡ! ಮೈಮೇಲೇ ಬರ್ಕೊಂಡಿದೆಯಲ್ಲ, ಸೈಲೆಂಟು ಅಂತ. ನಂಗೆ ಬೇಕಾಗಿರೋದು ಸದ್ದು ಮಾಡೋದು. ನಿಮ್ಮ ಅಂಗಡಿಯವರಿಗೆ ಫೋನಲ್ಲೇ ಬಿಡಿಸಿ ಹೇಳಿದ್ದೆ... ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನು ಕೆಟ್ಟಿದೆ, ಇರೋದನ್ನೇ ಓಡೋ ಹಾಗೆ ಮಾಡಿಕೊಡಿ, ಇವತ್ತೇ ಆಗ್ಬೇಕು, ಸಾಯಂಕಾಲದ ಒಳಗೆ... ಯಾಕೆ ನಗ್ತೀಯಾ? ನಗು ನಗು. ಲೋಕಕ್ಕೆಲ್ಲ ಸದ್ದಿಲ್ಲದ್ದು ಬೇಕು, ಈ ಮಹಾತಾಯಿಗೆ ಗುರ್ರ್ ಅನ್ನೋದೇ ಬೇಕಂತೆ ಅಂತ ತಾನೇ? ಹೌದು ಕಣಮ್ಮ, ಬೇಕು. ಒಬ್ಬೊಬ್ಬರ ಮನೆ ಒಂದೊಂದು ತರ.

ಅಲ್ಲಾ, ವೈರ್‌ಮ್ಯಾನ್ ಕಳ್ಸಿ ಅಂದ್ರೆ ನಿನ್ನ ಕಳ್ಸಿದಾರಲ್ಲ! ಬಾಗಿಲು ತೆಗೆದಾಗ ಯಾರೋ ವಿಳಾಸ ತಪ್ಪಿ ಬಂದ ಹುಡುಗಿ ಅಂದ್ಕೊಂಡೆ. ಬೇಜಾರು ಮಾಡ್ಕೋಬೇಡ. ನಿನ್ನ ಏನಂತ ಕರೀಲಿ, ವೈರ್‌ಮ್ಯಾನಮ್ಮ ಅಂತಲಾ? ವೈರಮ್ಮ! ಹಾಂ, ವೈರಮ್ಮ ಚೆನ್ನಾಗಿದೆ. ಒಳ್ಳೇದೇ ಆಯ್ತು ಬಿಡು, ಹೆಣ್ಣುಮಗಳು ಬಂದಿದ್ದು. ಗಂಡಸರಾಗಿದ್ರೆ ನಾನು ಹೀಗೆ ಬಾಗಿಲಲ್ಲಿ ನಿಂತು ಹರಟೆ ಹೊಡೀತಿದ್ನಾ? ಸ್ಟೂಲು ಸ್ವಲ್ಪ ಕುಂಟತ್ತೆ, ಆ ಕಾಲಿನ ಕೆಳಗೆ ಈ ರಟ್ಟು ಇಡು. ಆ ಬಕೆಟ್ಟನ್ನ ಇತ್ಲಾಗೆ ಕೊಡು... ಯಾಕೆ ಬೋರಲು ಹಾಕಿದೆ ಅಂತ ನೋಡ್ತೀಯಾ? ಹಾಗೇ. ಕೂತ್ಕೊಳ್ಳೋಕೆ. ಬಟ್ಟೆ ಒಗೆಯೋವಾಗ ಸೊಂಟ ನೋವು ನೋಡು.

ಏನು, ಮೇನ್ ಆಫ್ ಮಾಡ್ಬೇಕಾ? ಇಡೀ ಮನೇದಾ? ಬಾತ್‌ರೂಮಿನ ಸ್ವಿಚ್ ಆರಿಸಿದ್ರೆ ಸಾಲ್ದಾ? ಆಯ್ತು ಆಯ್ತು, ಕಣ್ಣು ಹಾಗೆ ಬಿಡ್ಬೇಡ, ಜೀವದ ಪ್ರಶ್ನೆ, ನಂಗೂ ಗೊತ್ತು. ಬಾಗಿಲ ಹಿಂದೇನೇ ಇದೆ ಡಬ್ಬ... ಹಾಂ. ಹೋಯ್ತು.

ಅಬ್ಬಾ! ನೋಡಿದ್ಯಾ, ಎಷ್ಟು ಸುಮ್ಮನಾಗೋಯ್ತು ಮನೆ! ಆ ಫ್ರಿಜ್ಜು ಇಷ್ಟು ದಿನ ಗೊಣಗ್ತಾನೇ ಇತ್ತು ಅಂತ ಈಗ ಗೊತ್ತಾಯ್ತು ನೋಡು.

ಬಂದೇ! ಬಂದೇ ರೀ! ಏನಿಲ್ಲ, ಕರೆಂಟ್ ತೆಗೆದಿದೀವಿ! ಫ್ಯಾನ್ ಈಗ ಬರತ್ತೆ! ಸ್ವಲ್ಪ ತಾಳಿ!

...ಬೆಚ್ಚಿಬಿದ್ಯಾ? ಬೀಳ್ಬೇಡಮ್ಮ, ಸ್ಟೂಲು ಮೊದ್ಲೇ ಕುಂಟು. ನಮ್ಮ ಯಜಮಾನ್ರು. ಪಕ್ಕದ ರೂಮಲ್ಲಿ ಮಲಗಿದಾರೆ, ಈ ಗೋಡೆ ಆ ಕಡೇನೇ. ಜೋರು ಗಂಟಲು ಅಲ್ವಾ? ಬಸ್ಸಲ್ಲಿ ಕಂಡಕ್ಟರ್ ಆಗಿದ್ರು. ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದ್ರೆ ಕೊನೇ ಸೀಟಲ್ಲಿ ಗೊರಕೆ ಹೊಡೀತಿದ್ದವನೂ ಎದ್ದು ಟಿಕೆಟ್ ಹುಡುಕ್ತಿದ್ದ. ಲಕ್ವ ಹೊಡೀತು. ಬಲಗೈ ಹೋಯ್ತು, ಬಲಗಾಲು ಹೋಯ್ತು, ಮಾತೂ ಹೋಯ್ತು. ಗಂಟಲು ಮಾತ್ರ ಹೋಗ್ಲಿಲ್ಲ, ನೋಡು ವಿಚಿತ್ರ!

ಒಂದೇ ಒಂದು ಮಾತು ಉಳ್ಕೊಂಡಿದೆ. ಕೇಳಿಸ್ತಲ್ಲ ಈಗ ನಿಂಗೂ... ‘ಕೇಳ್ತಾ’. ಅಷ್ಟೇ. ಮದುವೆ ಆದ ದಿನದಿಂದ ನನ್ನ ಕರೆದಿದ್ದೇ ಹಾಗೆ. ಒಂದು ದಿನಾನೂ ಹೆಸರು ಹಿಡಿದು ಕರೆದವರಲ್ಲ ಪುಣ್ಯಾತ್ಮ. ‘ಕೇಳ್ತಾ, ನೀರು ತಾ.’ ‘ಕೇಳ್ತಾ, ನನ್ನ ಚಪ್ಪಲಿ ಎಲ್ಲಿ?’ ಈಗ ನೀರೂ ಹೋಯ್ತು, ಚಪ್ಪಲೀನೂ ಹೋಯ್ತು, ಕೇಳ್ತಾ ಒಂದು ಉಳೀತು. ಹಸಿವಾದ್ರೆ ಕೇಳ್ತಾ, ಸೊಳ್ಳೆ ಕಚ್ಚಿದ್ರೆ ಕೇಳ್ತಾ, ಒದ್ದೆ ಆದ್ರೆ ಕೇಳ್ತಾ, ಸುಮ್ನೆ ಬೇಜಾರಾದ್ರೂ ಕೇಳ್ತಾ. ಯಾವ ಕೇಳ್ತಾ ಯಾವುದಕ್ಕೆ ಅಂತ ನಾನೇ ಅರ್ಥ ಮಾಡ್ಕೋಬೇಕು. ಈಗ ಕೂಗಿದ್ದು ಸೆಕೆಗೆ, ಅವರ ರೂಮಿನ ಫ್ಯಾನೂ ನಿಂತೋಯ್ತಲ್ಲ. ನಂಗೆ ಗೊತ್ತಾಗತ್ತೆ, ಕೊನೇಲಿ ಎಳೀತಾರೆ ಸ್ವಲ್ಪ.

ಬಂದೇ ರೀ!... ಹೋಗ್ಬೇಕಾಗಿಲ್ಲ ಬಿಡು. ಬಂದೆ ಅಂದ್ರೆ ಸ್ವಲ್ಪ ಹೊತ್ತು ಸುಮ್ಮನಾಗ್ತಾರೆ.

ಮಾತು ಕಲಿಸೋ ಡಾಕ್ಟರಮ್ಮ ಒಬ್ರು ವಾರಕ್ಕೊಂದ್ಸಲ ಬರ್ತಾರೆ. ಬಂದ ತಕ್ಷಣ ನನ್ನ ಮುಖ ನೋಡಿ ಅದೇ ಪ್ರಶ್ನೆ... ‘ಹೊಸ ಮಾತು ಏನಾದ್ರೂ ಬಂತಾ? ಒಂದು ಬಂದ್ರೂ ಹೇಳಿ. ಒಂದು ಬಂತು ಅಂದ್ರೆ ಅದನ್ನೇ ಹಿಡ್ಕೊಂಡು ಇನ್ನೊಂದನ್ನ ಎಳೀಬಹುದು’ ಅಂತ. ನಾನು ಇಲ್ಲಮ್ಮ ಅಂತೀನಿ. ಅವ್ರು ಬರ್ಕೋತಾರೆ, ಹೋಗ್ತಾರೆ. ಇನ್ನು ಎಷ್ಟು ವಾರ ಬರ್ತಾರೋ, ಹೀಗೇ ಆದ್ರೆ ಬರೋದು ನಿಲ್ಸೋದೇ ಅಂದ್ರು ಮೊನ್ನೆ.

ಅದು ಬಿಡು. ನಿನ್ನ ಕೆಲ್ಸ ನೋಡು. ಆ ಜಾಲರಿ ಯಾಕೆ ಬಿಚ್ಚೋದು? ಬಿಚ್ಚಲೇಬೇಕಾ? ಹೊರಗಡೆಯಿಂದ್ಲೇ ಕರೆಂಟ್ ಕೊಡೋಕಾಗಲ್ವಾ? ಸ್ವಿಚ್ಚಂತೂ ಹೊರಗಡೇನೇ ಇದೆಯಲ್ಲ, ನಿಯಮದ ಪ್ರಕಾರಾನೇ. ಒದ್ದೆ ಕೈಗೆ ಸಿಗಬಾರದು ಅಂತ. ಷವರ್ ನೀರೂ ತಾಗಲ್ಲ ಅಲ್ಲಿಗೆ, ನಿಂತು ಕೈ ಚಾಚಿದ್ರೂ ನಂಗಂತೂ ಎಟುಕಲ್ಲ. ಎಲ್ಲಾ ಸರಿಯಾಗೇ ಇದೆ. ಸುಮ್ನೆ... ಸುಟ್ಟುಹೋಯ್ತು ಅಷ್ಟೇ. ಒಂದು ದಿನ ಟಪ್ ಅಂತು, ನಿಂತೋಯ್ತು.

ಯಾವತ್ತು ಅಂತೀಯಾ? ಮೊನ್ನೆ ಮೊನ್ನೆ. ಅವ್ರು ಬಿದ್ದಮೇಲೆ. ಹಾಂ, ಬಿದ್ದಮೇಲೇನೇ! ಬೀಳೋವಾಗ ಓಡ್ತಿತ್ತು. ಜೋರಾಗಿ ಓಡ್ತಿತ್ತು.

ಹೌದಮ್ಮ, ಬಿದ್ರು. ಮಂಚದಿಂದ. ಇದ್ದಿದ್ದೊಂದು ನೆಟ್ಟಗಿರೋ ಕೈ, ಎಡಗೈ, ಅದೇ ಅಡಿಗೆ ಸಿಕ್ಕಿ ಮುರೀತು. ಈಗ ಅದಕ್ಕೂ ಬಿಳೀ ಪಟ್ಟಿ. ಮೊದಲಾದ್ರೆ ಚಮಚ ಹಿಡ್ಕೊಂಡು ತಾವೇ ತಿಂತಿದ್ರು, ಮೂಗು ತುರಿಸ್ಕೊಳ್ತಿದ್ರು. ಈಗ ಮೂಗಿಗೂ ಕೇಳ್ತಾ.

ನಾನು ಇಲ್ಲಿದ್ದೆ. ಇಲ್ಲೇ, ಬಾತ್‌ರೂಮಲ್ಲಿ. ಬಾಗಿಲು ಹಾಕಿತ್ತು, ಫ್ಯಾನು ಗುರ್ರ್ ಅಂತಿತ್ತು, ಹೇಗೆ ಕೇಳಿಸ್ಬೇಕು ಹೇಳು? ನೀನೇ ಹೇಳು, ನಿನ್ನ ಕಸುಬು ಇದು. ಆ ಕಬ್ಬಿಣದ ಫ್ಯಾನು ಎದ್ರೆ ಲಾರಿ ದಿಬ್ಬ ಹತ್ತಿದ ಹಾಗೆ. ಆಕಾಶವೇ ಕಳಚಿ ಬಿದ್ರೂ ಕೇಳಿಸಲ್ಲ. ನಾನು ಬೇಕಂತ ಮಾಡಿದ್ನಾ? ಅಷ್ಟು ವರ್ಷ ಬಾಳಿದ ಗಂಡ... ಯಾಕೆ ತಲೆ ಅಲ್ಲಾಡಿಸ್ತೀಯಾ? ಓ, ನೀನು ಕೇಳಲಿಲ್ಲ ಅಂತಲಾ. ಹೌದು, ನೀನೇನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಅಂದ್ಕೊಂಡ್ಯೇನೋ. ಹಾಗಲ್ಲಮ್ಮ. ಎಲ್ರಿಗೂ ಹೇಳೀ ಹೇಳೀ ಬಾಯಿಗೆ ರೂಢಿ ಆಗಿಬಿಟ್ಟಿದೆ.

ಇವತ್ತು ಸಾಯಂಕಾಲ ಬರ್ತಿದಾಳಲ್ಲ ನನ್ನ ನಾದಿನಿ, ಅವಳಿಗೋಸ್ಕರ ಈ ಸಡಗರವೆಲ್ಲ. ಇವರ ತಂಗಿ. ಕೋರ್ಟಲ್ಲಿ ಟೈಪಿಂಗ್ ಕೆಲ್ಸ. ಅಲ್ಲಿ ವಕೀಲರ ಪ್ರಶ್ನೆ ಬಡಿದೂ ಬಡಿದೂ ಈಗ ಅವಳ ಬಾಯಲ್ಲಿ ಬರೋದೆಲ್ಲ ಅಡ್ಡ ಪ್ರಶ್ನೆನೇ. ಫೋನಲ್ಲಿ ಏನಂತಾಳೆ ಗೊತ್ತಾ? ‘ಅತ್ತಿಗೆ, ಅಣ್ಣ ಕೂಗಿದ್ರೆ ಬೀದಿ ತಿರುವಿನವರೆಗೂ ಕೇಳತ್ತೆ, ನಿಮಗೆ ಪಕ್ಕದ ಗೋಡೆಯಿಂದ ಕೇಳಿಸ್ಲಿಲ್ವಾ?’ ನಾನು ಫ್ಯಾನ್ ವಿಷಯ ಹೇಳಿದೆ. ಅದಕ್ಕೆ, ‘ಸರಿ, ನಾನು ಬಂದು ನೋಡ್ತೀನಿ. ನೀವು ಫ್ಯಾನ್ ಹಾಕ್ಕೊಂಡು ಒಳಗೆ ನಿಂತ್ಕೊಳ್ಳಿ, ನಾನು ಮಂಚದ ಹತ್ರದಿಂದ ಕೂಗ್ತೀನಿ. ಆಮೇಲೆ ನಾನು ಒಳಗೆ, ನೀವು ಹೊರಗೆ’ ಅಂದ್ಳು. ಕೇಳಿದ್ಯಾ? ನನ್ನ ಮನೇಲಿ, ನನ್ನ ಬಾತ್‌ರೂಮಲ್ಲಿ, ನಂಗೇ ವಿಚಾರಣೆ!

ಸುಳ್ಳು ಅಂತ ಗೊತ್ತಾದ್ರೆ ತನ್ನ ಮನೆಗೆ ಕರ್ಕೊಂಡೇ ಹೋಗ್ತಾಳಂತೆ ಇವರನ್ನ. ‘ಅಂಥ ಕಡೆ ನಮ್ಮಣ್ಣನ್ನ ಬಿಡಲ್ಲ’ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದಾಳೆ.

ಹಾಂ, ಆ ನೋಟ ಗೊತ್ತು ನಂಗೆ. ಹೋಗ್ಲಿ ಬಿಡಿ, ನಿಮಗೂ ಬಿಡುಗಡೆ ಅಂತ ತಾನೇ? ಎಷ್ಟು ಸುಲಭ! ಬಿಸಿತುಪ್ಪ ಕಣೇ ಇದು, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಇಲ್ಲಿದ್ರೆ ನಂಗೆ ಉಸಿರು ಕಟ್ಟತ್ತೆ, ನಿಜ ಹೇಳ್ತೀನಿ. ತರಕಾರಿಯವನು ಬಂದ್ರೆ ಮೆಟ್ಟಿಲು ಇಳಿಯೋ ಹಾಗಿಲ್ಲ, ಕಿಟಕಿಯಿಂದ್ಲೇ ಬ್ಯಾಗ್ ಇಳಿಬಿಡ್ತೀನಿ. ಹೋಗ್ಬಿಟ್ರೆ? ಹೋಗ್ಬಿಟ್ರೆ ನಾನು ಯಾರು? ಗಂಡನ್ನ ಬೀಳಿಸಿದವಳು! ಅಲ್ಲಿ ಇವರ ಕೇಳ್ತಾ ಯಾರಿಗೆ ಅರ್ಥ ಆಗತ್ತೆ? ಹಸಿವಿಗೆ ಕೂಗಿದ್ರೆ ಕಂಬಳಿ ಹೊದೆಸ್ತಾರೆ ಆ ಪುಣ್ಯಾತ್ಗಿತ್ತಿಯರು. ಇವರು ನನ್ನ ಕೈಯಿಂದ ಬಿಟ್ರೆ ತಿನ್ನೋದೂ ಇಲ್ಲ, ಹಠಮಾರಿ. ನಂಗೆ ಇವರು ಬೇಕು ಕಣೇ. ಬೇಕು, ಆದ್ರೆ... ದಿನಕ್ಕೆ ಸ್ವಲ್ಪ ಹೊತ್ತು ಬೇಡ. ಅಷ್ಟೇ. ಅಷ್ಟನ್ನ ಯಾರಿಗಾದ್ರೂ ಹೇಳೋಕಾಗತ್ತಾ?

ಈ ಮನೇಲಿ ಒಳಗಿನಿಂದ ಚಿಲಕ ಇರೋದು ಈ ಒಂದೇ ಬಾಗಿಲಿಗೆ. ಆ ಬಕೆಟ್ ಬೋರಲು ಹಾಕ್ಕೊಂಡು ಕೂತ್ಕೋತೀನಿ. ಬಟ್ಟೆಗಿಟ್ಟೆ ಏನಿಲ್ಲ, ಸುಳ್ಳು ಹೇಳ್ದೆ ಆಗ. ಸುಮ್ನೆ ಕೂತು ಟೈಲ್ಸ್ ನೋಡ್ತೀನಿ. ಅಳೋದೂ ಇಲ್ಲ, ಅದಕ್ಕೂ ಸುಸ್ತು.

ಏನಾಯ್ತು? ಮುಖ ಯಾಕೆ ಹಾಗೆ ಮಾಡಿದೆ? ಅರ್ಥಿಂಗ್ ತಂತಿ ಹುಡುಕ್ತಿದೀಯಾ? ಇಲ್ಲ ಅಲ್ಲಿ, ಈ ಕಡೆ ಪೂರ್ತಿ ಹಳೇ ವೈರಿಂಗು, ಎರಡೇ ತಂತಿ. ಹಿಂದೆ ಬಂದಿದ್ದ ವೈರ್‌ಮ್ಯಾನೂ ಇದನ್ನೇ ಹಿಡ್ಕೊಂಡ. ಕಬ್ಬಿಣದ ಮೈ ಫ್ಯಾನು, ನೀರಿನ ಜಾಗ, ಅರ್ಥ್ ಇಲ್ಲದೆ ಕನೆಕ್ಷನ್ ಕೊಡೋ ಹಾಗಿಲ್ಲ ಅಂತ ಒಂದೇ ಪಟ್ಟು. ನಾನು ತಮಾಷೆ ಮಾಡಿದೆ, ಅಪ್ಪಾ, ನಮ್ಮ ಮದುವೇನೇ ಅರ್ಥ ಇಲ್ಲದ ಕನೆಕ್ಷನ್ನು, ಇಷ್ಟು ವರ್ಷ ಓಡಿಲ್ವಾ ಅಂತ. ಒಳಗಿಂದ ಇವ್ರೂ ನಕ್ಕಿದ್ರು, ಆಗ ಚೆನ್ನಾಗಿದ್ರು. ಆದ್ರೂ ಆ ಮನುಷ್ಯ ಜಗ್ಗಲಿಲ್ಲ. ‘ಮೊದ್ಲು ಅರ್ಥಿಂಗ್ ಎಳೆಸಿ, ಟ್ರಿಪ್ ಆಗೋ ಸ್ವಿಚ್ ಹಾಕ್ಸಿ, ಆಮೇಲೆ ಕರೀರಿ, ಬಂದು ಜೋಡಿಸ್ತೀನಿ’ ಅಂತ ಫ್ಯಾನನ್ನ ಬರೀ ತೂತಿಗೆ ಕೂರಿಸಿ ಹೊರಟೇ ಹೋ...

ಅಲ್ಲ. ಅಂದ್ರೆ, ಆಮೇಲೆ ಬಂದ. ಬಂದು ಜೋಡಿಸಿದ.

ಜೋಡಿಸಿದ ಅಂದ್ನಲ್ಲ! ಅದನ್ನ ಯಾಕೆ ಕೆಳಗೆ ಇಳಿಸ್ತಿದೀಯಾ? ಅಲ್ಲೇ ಇರ್ಲಿ. ಬಿಡು, ಧೂಳು ಬೀಳತ್ತೆ ಮೈಮೇಲೆ... ಅಯ್ಯೋ, ಜೇಡರ ಬಲೆ. ಇಷ್ಟೊಂದಾ? ಅದು, ಸ್ವಲ್ಪ ದಿನ ನಿಂತ್ರೆ ಕಟ್ಟತ್ತೆ ಅಲ್ವಾ. ಎಷ್ಟು ಬೇಗ ಕಟ್ತಾವೆ ದರಿದ್ರದವು! ಇನ್ನೂ ಏನು? ತಂತಿಗೆ ಟೇಪು ಸುತ್ತಿದೆಯಾ? ಇರತ್ತೆ. ಟೇಪು ಸುತ್ತೋದು ನಿಯಮ ತಾನೇ... ತುದಿ ಬಿಡಿಸಿ ಯಾಕೆ ತೋರಿಸ್ತೀಯಾ ನಂಗೆ? ನಂಗೇನು ಗೊತ್ತಾಗತ್ತೆ, ನಾನು ವೈರಮ್ಮ ಅಲ್ಲ.

ಸ್ಟೂಲಿಂದ ಇಳಿದ್ಯಾ? ಕೆಲ್ಸ ಇನ್ನೂ ಬಾಕಿ ಇದೆಯಲ್ಲ.

ಏನಾದ್ರೂ ಅನ್ನು. ಬೈ ಬೇಕಾದ್ರೆ. ಅಷ್ಟೊತ್ತಿಂದ ನಕ್ಕೆ, ತಲೆ ಆಡಿಸ್ದೆ, ಹುಬ್ಬು ಹಾರಿಸ್ದೆ, ಈಗ ಕಂಬದ ಹಾಗೆ ನಿಂತ್ರೆ? ಅದನ್ನ ನನ್ನ ಕೈಗೆ ಕೊಟ್ಟು ಏನು ಮಾಡು ಅಂತೀಯಾ... ರೆಕ್ಕೆ ಮೇಲೆ ಅಂಗಡಿಯವರು ಅಂಟಿಸಿದ ಚೀಟಿ ಕೂಡ ಹಾಗೇ ಇದೆ. ಹೊಸದು ಹೊಸದಾಗೇ ಇದೆ. ಹೌದು. ಒಂದು ಸಲಾನೂ ಓಡಿಲ್ಲ ಅದು. ಅಂಗಡೀಲಿ ಒಂದು ಗಳಿಗೆ ಓಡಿಸಿ ತೋರಿಸಿದ್ದ, ಅಷ್ಟೇ ನಾನು ಅದರ ಸದ್ದು ಕೇಳಿರೋದು. ಅರ್ಥಿಂಗ್ ಎಳೆಸೋಣ ಎಳೆಸೋಣ ಅಂತಿದ್ವಿ, ಅಷ್ಟರಲ್ಲಿ ಇವರು ಹಾಸಿಗೆ ಹಿಡಿದ್ರು.

ಹಾಗಾದ್ರೆ ಕೇಳಿಸ್ತಾ ಅಂತ ತಾನೇ ನೋಡ್ತಿರೋದು ನೀನು?

ಕೇಳಿಸ್ತು.

ಎಲ್ಲಾ ಕೇಳಿಸ್ತು. ಆಗ ತಾನೇ ಇಲ್ಲಿ ಬಂದು ಕೂತಿದ್ದೆ. ರಾತ್ರಿಯೆಲ್ಲ ಹಾಸಿಗೆ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ಕೇಳ್ತಾ ಅಂದ್ರು. ನಾನು ಬಂದೆ ಅನ್ನಲಿಲ್ಲ. ಮತ್ತೆ ಕೇಳ್ತಾ. ಒಂದೇ ಒಂದು ಸಲ, ಇದೊಂದು ಸಲ ಕೂಗ್ಲಿ, ನಾನು ಸತ್ತುಹೋಗಿದೀನಿ ಅಂದ್ಕೊಳ್ಲಿ ಅಂತ ಕೂತೆ. ಕೂಗಿದ್ರು ಕೂಗಿದ್ರು, ಎಷ್ಟೋ ಸಲ. ಒದ್ದೆಗೆ ಕೂಗೋದಲ್ಲ, ಹಸಿವಿಗೂ ಅಲ್ಲ, ಅದು ಯಾವ ಕೇಳ್ತಾ ಅಂತ ನಂಗೇ ಗೊತ್ತಾಗಲಿಲ್ಲ. ನಾನು ಕಾಣದೆ ಹೆದರಿದ್ರೋ ಏನೋ. ಕಿವಿ ಮುಚ್ಕೊಂಡೆ. ಕಿವಿ ಮುಚ್ಕೊಂಡ್ರೂ ಆ ಗಂಟಲು ಬಿಡತ್ತಾ?

ಆಮೇಲೆ... ತಾಳು, ಹೇಳ್ತೀನಿ. ಇದನ್ನ ಯಾರಿಗೂ ಹೇಳಿಲ್ಲ.

ಆಮೇಲೆ ನನ್ನ ಹೆಸರು ಕೂಗಿದ್ರು.

ಹೌದು ಕಣೇ, ನನ್ನ ಹೆಸರು! ಇಷ್ಟು ವರ್ಷದಲ್ಲಿ ಆ ಬಾಯಲ್ಲಿ ಒಂದಿನಾನೂ ಬಂದಿದ್ದಲ್ಲ. ಸ್ಪಷ್ಟವಾಗಿ, ಒಂದಕ್ಷರ ಬಿಡದೆ. ಹೊಸ ಮಾತು. ಡಾಕ್ಟರಮ್ಮ ಕಾಯ್ತಿರೋ ಆ ಹೊಸ ಮಾತು ಬಂತು, ಅದೂ ಅದೇ ಹೊತ್ತಲ್ಲಿ ಬರ್ಬೇಕಾ? ಓಡಿಹೋಗ್ಬೇಕಿತ್ತು ಅಲ್ವಾ? ಓಡಲಿಲ್ಲ. ಬಾಗಿಲು ತೆಗೆದ್ರೆ ನಿಂತುಹೋಗತ್ತೇನೋ, ಇನ್ನೊಂದು ಸಲ ಕೂಗ್ಲಿ, ಇನ್ನೊಂದೇ ಸಲ ಕೇಳೋಣ ಅಂತ... ಆಸೆ ಕಣೇ. ಹೆಸರು ಕೇಳೋ ಆಸೆ. ಚಿಲಕದ ಮೇಲೆ ಕೈ ಇಟ್ಕೊಂಡು ನಿಂತಿದ್ದೆ. ಆಗ ದಡ್ ಅಂತು.

ಈಗ ಗೊತ್ತಾಯ್ತಾ ನನ್ನ ಗತಿ? ಡಾಕ್ಟರಮ್ಮ ಬಂದು ಹೊಸ ಮಾತು ಬಂತಾ ಅಂತಾರೆ. ಬಂತು ಅಂದ್ರೆ ನಾನು ಕೇಳಿಸ್ಕೊಂಡೇ ಕೂತಿದ್ದೆ ಅಂತಾಗತ್ತೆ. ಬರಲಿಲ್ಲ ಅಂದ್ರೆ ಇವರ ಮಾತನ್ನ ನಾನೇ ಕೈಯಾರೆ ಹೂತ ಹಾಗೆ. ಬಿದ್ದಮೇಲೆ ಮತ್ತೆ ಆ ಹೆಸರು ಬಂದಿಲ್ಲ. ಪುನಃ ಅದೇ ಒಂದು ಮಾತು. ನಾನು ಊಟ ಮಾಡಿಸ್ತಾ ಬಾಯಿ ನೋಡ್ತಾ ಇರ್ತೀನಿ, ಬರ್ಲಿ, ಇನ್ನೊಂದ್ಸಲ ಬರ್ಲಿ, ಇವತ್ತೇ ಬಂದಿದ್ದು ಅಂತ ಹೇಳ್ಬಿಡ್ತೀನಿ ಅಂತ. ಬರಲ್ಲ.

ಹೀಗೆಲ್ಲ ಒದರಿಬಿಟ್ಟೆ ನೋಡು ನಿನ್ನ ಮುಂದೆ. ಜೋರಾಗೇ ಒದರಿದ್ನೇನೋ. ಅಭ್ಯಾಸ. ಇವರ ಜೊತೆ ಇದ್ದೂ ಇದ್ದೂ ನನ್ನ ಗಂಟಲೂ...

ಯಾಕೆ ಗೋಡೆ ಕಡೆ ನೋಡ್ತೀಯಾ?

ತಾಳು. ಇವರು ಕೂಗಿ ಎಷ್ಟು ಹೊತ್ತಾಯ್ತು? ಆಗ ಬಂದೆ ಅಂದಿದ್ದೇ ಕೊನೆ. ಫ್ಯಾನಿಲ್ಲ, ಸೆಕೆ, ಇಷ್ಟು ಹೊತ್ತು ಇವರು ಸುಮ್ಮನಿರೋರೇ ಅಲ್ಲ. ತಲೆದಿಂಬು ಈ ಗೋಡೆಗೇ ಇರೋದು. ಮನೇಲಿ ಒಂದು ಸದ್ದಿಲ್ಲ...

ರೀ?

ರೀ... ಫ್ಯಾನ್ ಈಗ ಬರತ್ತೆ ರೀ.

ಇಲ್ಲ. ಕೇಳ್ತಾ ಅಂತಿಲ್ಲ. ನಿದ್ದೆ ಬಂದಿರ್ಬೇಕು. ಬಂದಿರತ್ತೆ, ಮಧ್ಯಾಹ್ನದ ಮಾತ್ರೆ ನಿದ್ದೆ ತರತ್ತೆ ಕೆಲವೊಮ್ಮೆ. ನೀನೇ ಒಂದು ಸಲ ಹೋಗಿ ಇಣುಕಿ ಬಾ ತಾಯಿ. ನಾನು ಹೋಗಲಾರೆ. ನಿದ್ದೆ ಮಾಡ್ತಿದ್ರೆ ಬಂದು ನಿದ್ದೆ ಅಂತ ಹೇಳು. ಎಚ್ಚರ ಇದ್ರೆ... ಎಚ್ಚರ ಇದ್ರೂ ನಿದ್ದೆ ಅಂತ್ಲೇ ಹೇಳು. ನಿಂಗೆ ಪುಣ್ಯ ಬರತ್ತೆ. ಹೋಗು.

...

ಬಂದ್ಯಾ? ಮಲಗಿದಾರೆ ತಾನೇ? ಕಣ್ಣು ಮುಚ್ಚಿದಾರೆ ತಾನೇ?

ಹೇಳೇ. ಹೀಗೆ ಹೇಳು ಅಂತ ಹೇಳಿಕೊಟ್ಟೇ ಕಳ್ಸಿದ್ನಲ್ಲ, ಅಷ್ಟೂ ಹೇಳೋಕಾಗಲ್ವಾ? ಯಾಕೆ ನನ್ನ ಕೈ ಹಿಡ್ಕೊಂಡೆ... ಎಚ್ಚರ ಇದಾರಾ? ಎಲ್ಲಾ ಕೇಳಿಸ್ಕೊಂಡ್ರಾ?... ಬಿಡು, ಬಿಡು ಕೈನ. ಏನಾದ್ರೂ ಒಂದು ಮಾತು ಆಡೇ!